ಅರ್ಧ ಬೆಲೆಯ ಜಿಮ್ ಹೋಯಿತು, ಪಾಲಿಸಿ ಉಳಿಯಿತು: ರಾಯಚೂರಿನ ಒಂದು ಪ್ರಕರಣ

ರಾಯಚೂರಿನ ಒಂದು ಕುಟುಂಬ. ಗಂಡ ಖಾಸಗಿ ಕಾಲೇಜೊಂದರಲ್ಲಿ ಲ್ಯಾಬ್ ನೋಡಿಕೊಳ್ಳುತ್ತಾರೆ. ವಯಸ್ಸು 46, ಶುಗರ್ ಇದೆ. ಹೆಂಡತಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ, ಕೆಲಸಕ್ಕೆ ಇಬ್ಬರು ಹುಡುಗಿಯರನ್ನೂ ಇಟ್ಟುಕೊಂಡಿದ್ದಾರೆ. ಮಗಳು ಪಿಯುಸಿ ಓದುತ್ತಿದ್ದಾಳೆ. 2023ರ ನವೆಂಬರ್‌ನಲ್ಲಿ ಇವರು ಖಾಸಗಿ ಕಂಪನಿಯೊಂದರಿಂದ ಮೂವರಿಗೂ ಸೇರಿ 10 ಲಕ್ಷ ರೂಪಾಯಿಯ ಆರೋಗ್ಯ ವಿಮೆ ಮಾಡಿಸಿದರು. ಅದರ ಜೊತೆ ಜಿಮ್ ಫೀಸಿನಲ್ಲಿ ರಿಯಾಯಿತಿಯೂ ಬಂತು. 2025ರ ಸೆಪ್ಟೆಂಬರ್‌ನಲ್ಲಿ ಆ ರಿಯಾಯಿತಿಯ ನಿಯಮ ಬದಲಾಯಿತು. ಆ ಸಿಟ್ಟಿಗೆ ಇವರು ಪಾಲಿಸಿಯನ್ನೇ ಬಿಡಲು ಹೊರಟರು.

ನಾನು ಊರಿನಲ್ಲಿ ಟ್ಯಾಕ್ಸ್ ರಿಟರ್ನ್ ತುಂಬಿಕೊಡುವ ಕೆಲಸ ಮಾಡುತ್ತೇನೆ. ಆರೋಗ್ಯ ವಿಮೆಯ ಪ್ರೀಮಿಯಮ್‌ಗೆ ಆದಾಯ ತೆರಿಗೆಯಲ್ಲಿ ಸಿಗುವ 80ಡಿ ವಿನಾಯಿತಿಯ ನೆಪದಲ್ಲಿ ಬಹಳ ಜನರ ಪಾಲಿಸಿ ಕಾಗದ ನನ್ನ ಟೇಬಲ್ ಮೇಲೆ ಬರುತ್ತದೆ. ಈ ವಿಷಯವೂ ಹಾಗೆಯೇ ಬಂತು. ಅವರನ್ನು ಕೇಳಿಯೇ, ಗುರುತು ಬಿಟ್ಟು ಬರೆಯುತ್ತಿದ್ದೇನೆ. ಇದೇ ತೊಡಕು ಸಿಂಧನೂರಿನಲ್ಲೂ ಗಂಗಾವತಿಯಲ್ಲೂ ಯಾರಿಗಾದರೂ ಬರಬಹುದು. ಬಂದಾಗ ಅವರು ಪಾಲಿಸಿ ಬಿಡಬಾರದು ಅನ್ನುವುದು ನನ್ನ ಕಾಳಜಿ.

ಹೇಗೆ ಮಾರಿದರು

ಏಜೆಂಟ್ ಪರಿಚಯದ ಹುಡುಗ. ಅವನು ಆಸ್ಪತ್ರೆ ಖರ್ಚಿನ ಮಾತು ಕಮ್ಮಿ ಆಡಿದ, ಜಿಮ್ ಮಾತು ಜಾಸ್ತಿ ಆಡಿದ. "ಅಕ್ಕಾ, ಜಿಮ್ ಫೀಸ್ ಅರ್ಧಕ್ಕ ಅರ್ಧ ಕಡಿಮಿ. ಮ್ಯಾಲ ನೀವು ನಡದಷ್ಟೂ ಪಾಯಿಂಟ್ ಬರ್ತಾವ. ಪಾಯಿಂಟ್ ಅಂದ್ರ ರೊಕ್ಕ ಇದ್ದಂಗ." ಒಂದು ಬಣ್ಣದ ಬ್ರೋಷರ್ ಅನ್ನು ವಾಟ್ಸಾಪ್‌ನಲ್ಲಿ ಕಳಿಸಿದ. ಅದರಲ್ಲಿ 50 ಪರ್ಸೆಂಟ್ ಅನ್ನುವುದು ದಪ್ಪ ಅಕ್ಷರದಲ್ಲಿತ್ತು. ಜಿಮ್‌ಗಳ ಪಟ್ಟಿ ಯಾವಾಗ ಬೇಕಾದರೂ ಬದಲಾಗಬಹುದು ಅನ್ನುವ ಸಾಲು ಕೊನೆಯ ಪುಟದ ಕೆಳಗೆ, ಕನ್ನಡಕ ಹಾಕಿದರೂ ಕಷ್ಟಪಟ್ಟು ಓದಬೇಕಾದ ಅಕ್ಷರದಲ್ಲಿತ್ತು.

ವಿಮೆಗೂ ಜಿಮ್ಮಿಗೂ ನಂಟು ಹಾಕುವುದು ಹೊಸದೇನಲ್ಲ. ದಕ್ಷಿಣ ಆಫ್ರಿಕಾದ ಡಿಸ್ಕವರಿ ಕಂಪನಿ 1997ರಲ್ಲೇ ವೈಟಾಲಿಟಿ ಅನ್ನುವ ಯೋಜನೆ ಶುರು ಮಾಡಿ, ಸದಸ್ಯರಿಗೆ ಜಿಮ್ ಅಗ್ಗವಾಗಿ ಸಿಗುವ ಹಾಗೆ ಮಾಡಿತು. 2004ರಲ್ಲಿ ಅದು ಪ್ರುಡೆನ್ಷಿಯಲ್ ಜೊತೆ ಸೇರಿ ಬ್ರಿಟನ್ನಿಗೂ ಹೋಯಿತು. ಲೆಕ್ಕ ಸರಳ. ವ್ಯಾಯಾಮ ಮಾಡುವವರು ಆಸ್ಪತ್ರೆಗೆ ಹೋಗುವುದು ಕಮ್ಮಿ. ಅಂಥವರೇ ಹೆಚ್ಚು ಸೇರಿದರೆ ಕ್ಲೇಮೂ ಕಮ್ಮಿ. ನಮ್ಮಲ್ಲಿ ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ 2020ರ ಸೆಪ್ಟೆಂಬರ್‌ನಲ್ಲಿ ಇದಕ್ಕೊಂದು ಚೌಕಟ್ಟು ಹಾಕಿತು. ಆರೋಗ್ಯ ಕಾಪಾಡಿಕೊಂಡವರಿಗೆ ಪಾಯಿಂಟ್ ಕೊಡಬಹುದು. ಆ ಪಾಯಿಂಟನ್ನು ರಿನ್ಯೂವಲ್ ಪ್ರೀಮಿಯಮ್‌ನಲ್ಲಿ ಕಳೆಯಬಹುದು, ಔಷಧಿಗೋ ತಪಾಸಣೆಗೋ ಕೊಡಬಹುದು, ಜಿಮ್ ಅಥವಾ ಯೋಗ ಕೇಂದ್ರದ ಸದಸ್ಯತ್ವಕ್ಕೂ ಬಳಸಬಹುದು. ಪಾಯಿಂಟ್ ಹೇಗೆ ಸೇರುತ್ತದೆ ಅನ್ನುವುದನ್ನು ಮೊದಲೇ ತಿಳಿಸಬೇಕು. ಎಷ್ಟು ಸೇರಿದೆ ಅಂತ ವರ್ಷಕ್ಕೊಮ್ಮೆಯಾದರೂ ಹೇಳಬೇಕು.

ನನ್ನ ಮಟ್ಟಿಗೆ ಇದು ಒಳ್ಳೆಯ ವಿಚಾರವೇ. ಈ ಮನೆಯಲ್ಲೇ ಅದರ ಫಲ ಕಂಡಿದ್ದೇನೆ. ಅಲ್ಲಿಯವರೆಗೆ ಜಿಮ್ ಅಂದರೆ ಹುಡುಗರ ಜಾಗ ಅಂದುಕೊಂಡಿದ್ದ ಆ ತಾಯಿ ಐವತ್ತರ ಹತ್ತಿರ ಬರುವಾಗ ಟ್ರೆಡ್‌ಮಿಲ್ ಹತ್ತಿದರು. ಗಂಡನ ಶುಗರ್ ಹತೋಟಿಗೆ ಬಂತು, ಡಾಕ್ಟರ್ ಒಂದು ಮಾತ್ರೆ ಕಡಿಮೆ ಮಾಡಿದರು. ರಾಯಚೂರಿನ ಬೇಸಿಗೆಯಲ್ಲಿ ಹೊರಗೆ ನಡೆಯುವುದು ಎಷ್ಟು ಕಷ್ಟ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಏಪ್ರಿಲ್‌ನಲ್ಲಿ ಬೆಳಿಗ್ಗೆ ಎಂಟಕ್ಕೇ ಬಿಸಿಲು ಸುಡುತ್ತದೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಮಾಮೂಲಿ. ಕೂಲರ್ ಇರುವ ಜಿಮ್ ಈ ಊರಿನಲ್ಲಿ ಶೋಕಿಯ ವಸ್ತು ಅಲ್ಲ.

ಇವರ ಪಾಲಿಸಿಯಲ್ಲಿ ಪಾಯಿಂಟ್ ಸೇರಲು ಎರಡು ದಾರಿ ಇದ್ದವು. ದಿನಕ್ಕೆ 10,000 ಹೆಜ್ಜೆ ನಡೆಯಬೇಕು, ಇಲ್ಲವೇ ಪಟ್ಟಿಯಲ್ಲಿರುವ ಜಿಮ್‌ನಲ್ಲಿ ಅರ್ಧ ಗಂಟೆ ಇದ್ದು ಆ್ಯಪ್‌ನಲ್ಲಿ ಹಾಜರಿ ಹಾಕಬೇಕು. ಈ 10,000 ಅನ್ನುವ ಸಂಖ್ಯೆ ಡಾಕ್ಟರುಗಳ ಸಂಶೋಧನೆಯಿಂದ ಹುಟ್ಟಿದ್ದಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರವನ್ನು ಮಾರುಕಟ್ಟೆಗೆ ಬಿಟ್ಟಾಗ ಅದಕ್ಕಿಟ್ಟ ಹೆಸರಿನಿಂದ ಬಂದದ್ದು. ವಿಶ್ವ ಆರೋಗ್ಯ ಸಂಸ್ಥೆ ಹೆಜ್ಜೆ ಎಣಿಸುವುದಿಲ್ಲ. ದೊಡ್ಡವರು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ವೇಗದ ವ್ಯಾಯಾಮ ಮಾಡಲಿ ಅನ್ನುತ್ತದೆ. ಹೊಲಿಗೆ ಮಷಿನ್ ಮುಂದೆ ಕೂರುವ ಹೆಂಗಸು, ಮನೆಯಲ್ಲಿ ಫೋನನ್ನು ಶೆಲ್ಫ್ ಮೇಲಿಟ್ಟು ಓಡಾಡುವ ಹೆಂಗಸು ಆ್ಯಪ್‌ನಲ್ಲಿ 10,000 ತೋರಿಸುವುದು ಹೇಗೆ? ಹಾಗಾಗಿ ಇವರಿಗೆ ಜಿಮ್ ಹಾಜರಿಯೇ ಗತಿ. ಆ ಜಿಮ್ ಪಟ್ಟಿಯಿಂದ ಬಿದ್ದುಹೋದಾಗ ಪೆಟ್ಟು ಎರಡು ಕಡೆ ಬಿತ್ತು.

ಏನು ಬದಲಾಯಿತು

ಜಿಮ್‌ನವರ ನೇರ ದರ ವರ್ಷಕ್ಕೆ ಒಬ್ಬರಿಗೆ 10,000 ರೂಪಾಯಿ. ಇಬ್ಬರಿಗೆ 20,000. ಆ್ಯಪ್ ಮೂಲಕ ತೆಗೆದುಕೊಂಡರೆ ಇಬ್ಬರಿಗೂ ಸೇರಿ 10,000. 2025ರ ಜನವರಿಯಲ್ಲಿ ಇವರು ಆ ಹಣವನ್ನು ಒಂದೇ ಸಲ ಕಟ್ಟಿದ್ದರು. ಆಗಸ್ಟ್ ಕೊನೆಗೆ ಜಿಮ್ ಆ ಪಟ್ಟಿಯಿಂದ ಹೊರಬಂತು. ಸೆಪ್ಟೆಂಬರ್ ಮೊದಲ ವಾರ ಇಮೇಲ್ ಬಂತು. ಇನ್ನು ಮುಂದೆ ರಿಯಾಯಿತಿ 20 ಪರ್ಸೆಂಟ್. ಅದೂ ಹಿಂದಿನ ತಿಂಗಳುಗಳಲ್ಲಿ ನಿಗದಿತ ಪಾಯಿಂಟ್ ಗಳಿಸಿದವರಿಗೆ ಮಾತ್ರ. ಆ್ಯಪ್‌ನಲ್ಲಿ ರಾಯಚೂರು ಅಂತ ಹುಡುಕಿದರೆ ಒಂದು ಜಿಮ್ಮೂ ಇಲ್ಲ. ಹೈದರಾಬಾದಿನವು ಬಂದವು. ವಿಡಿಯೋ ನೋಡಿ ಮನೆಯಲ್ಲೇ ವ್ಯಾಯಾಮ ಮಾಡಿ ಅಂತ ಒಂದು ಸಲಹೆಯೂ ಬಂತು.

ದಸರಾ ಮುಗಿದ ವಾರ ಗಂಡ ಹೆಂಡತಿ ಇಬ್ಬರೂ ನನ್ನ ಹತ್ತಿರ ಬಂದರು. "ಸರ, ಇದು ಮೋಸ ಅಲ್ಲೇನ್ರಿ? ಜಿಮ್ ಕೊಡ್ತೀವಿ ಅಂತ ಹೇಳೇ ಪಾಲಿಸಿ ಮಾಡಿಸ್ಯಾರ. ಈಗ ಇಲ್ಲ ಅಂದ್ರ? ನಮಗ ಈ ಪಾಲಿಸಿನೇ ಬ್ಯಾಡ ಬಿಡ್ರಿ." ಅಷ್ಟರಲ್ಲಿ ಬೇರೆ ಕಂಪನಿಯ ಪರವಾಗಿ ಒಬ್ಬರು ಫೋನ್ ಮಾಡಿ, 3,500 ರೂಪಾಯಿ ಕಮ್ಮಿ ಪ್ರೀಮಿಯಮ್‌ಗೆ ಹೊಸ ಪಾಲಿಸಿ ಕೊಡುವ ಮಾತಾಡಿದ್ದರು. ಈ ಮಾತು ಕೇಳಿದ ಹಳೆಯ ಏಜೆಂಟ್ ಓಡಿಬಂದು, "ಅಕ್ಕಾ, ಜಿಮ್ ರೊಕ್ಕ ನನ್ನ ಕಮಿಷನ್‌ನಾಗ ನಾನೇ ಕೊಡ್ತೀನಿ, ನೀವು ಬಿಡಬ್ಯಾಡ್ರಿ" ಅಂದಿದ್ದ.

ಆ ಮಾತನ್ನು ಮೊದಲು ತಡೆದೆ. 1938ರ ವಿಮಾ ಕಾಯ್ದೆಯ 41ನೇ ಕಲಮು ಇದನ್ನು ನಿಷೇಧಿಸುತ್ತದೆ. ಪಾಲಿಸಿ ಮಾಡಿಸಲು ಅಥವಾ ಮುಂದುವರಿಸಲು ಆಸೆ ತೋರಿಸಿ ಕಮಿಷನ್‌ನಲ್ಲಿ ಪಾಲು ಕೊಡುವ ಹಾಗಿಲ್ಲ. ದಂಡ 10 ಲಕ್ಷ ರೂಪಾಯಿವರೆಗೆ ಇದೆ. ತೆಗೆದುಕೊಳ್ಳುವವರಿಗೂ ಆ ನಿಯಮ ಅನ್ವಯಿಸುತ್ತದೆ. ಹುಡುಗ ಕೆಟ್ಟವನಲ್ಲ. ಅವನಿಗೂ ಇದು ಗೊತ್ತಿರಲಿಲ್ಲ. ಪರೀಕ್ಷೆ ಪಾಸು ಮಾಡಿ ಲೈಸೆನ್ಸ್ ಪಡೆದವರಿಗೂ ಇಷ್ಟು ತಿಳಿಸದೆ ಬೀದಿಗೆ ಬಿಡುವುದು ನನಗೆ ಬೇಸರ ತರುತ್ತದೆ.

ಮೂರು ಲೆಕ್ಕ ಬೇರೆ ಬೇರೆ

ಅವರ ಸಿಟ್ಟಿನಲ್ಲಿ ಮೂರು ಸಂಗತಿಗಳು ಒಂದಾಗಿ ಕಲೆತುಹೋಗಿದ್ದವು. ಅವನ್ನು ಬಿಡಿಸುವುದೇ ಈ ಪ್ರಕರಣದ ನಿಜವಾದ ಕೆಲಸ ಆಯಿತು.

ಒಂದು, ಈಗಾಗಲೇ ಕಟ್ಟಿದ ದುಡ್ಡು. ಹನ್ನೆರಡು ತಿಂಗಳಿಗೆ 10,000 ಕೊಟ್ಟಿದ್ದಾರೆ. ಎಂಟು ತಿಂಗಳು ಸೇವೆ ಸಿಕ್ಕಿದೆ. ಉಳಿದ ನಾಲ್ಕು ತಿಂಗಳಿನ 3,333 ರೂಪಾಯಿ ಇವರದ್ದು. ಇಲ್ಲಿ ವಾದವೇ ಇಲ್ಲ. ಸೇವೆ ಕೊಡದಿದ್ದರೆ ಹಣ ವಾಪಸ್ ಕೊಡಬೇಕು, ಅಷ್ಟೇ. "ಬೇರೆ ಊರಿನ ಜಿಮ್ ಬಳಸಿ" ಅನ್ನುವ ಉತ್ತರ ಉತ್ತರವೇ ಅಲ್ಲ. ರಾಯಚೂರಿನಿಂದ ಹೈದರಾಬಾದಿಗೆ ಯಾರು ದಿನಾ ಟ್ರೆಡ್‌ಮಿಲ್ ಮೇಲೆ ಓಡಲು ಹೋಗುತ್ತಾರೆ?

ಎರಡು, ಸೇರಿದ ಪಾಯಿಂಟ್. ಇದು ಪಾಲಿಸಿ ಪುಸ್ತಕದಲ್ಲೇ ಇದೆ. ಎಷ್ಟು ದಿನ ಹಾಜರಿ ಹಾಕಿದರೆ ಎಷ್ಟು, ಅದನ್ನು ಪ್ರೀಮಿಯಮ್‌ನಲ್ಲಿ ಹೇಗೆ ಕಳೆಯುತ್ತಾರೆ, ಎಲ್ಲ ಬರೆದಿದ್ದಾರೆ. ಬರೆದದ್ದನ್ನು ಕೊಡಲೇಬೇಕು. ಇವರು ನಡುವೆ ಫೋನ್ ಬದಲಿಸಿದ್ದರು. ಮೇ, ಜೂನ್ ತಿಂಗಳ ಹಾಜರಿ ಆ್ಯಪ್‌ನಲ್ಲಿ ಕಾಣುತ್ತಿರಲಿಲ್ಲ. ಅದಕ್ಕೆ ಜಿಮ್‌ನ ರಿಜಿಸ್ಟರ್ ಸಾಕ್ಷಿ ಇತ್ತು.

ಮೂರು, ಮುಂದಿನ ವರ್ಷದ 50 ಪರ್ಸೆಂಟ್ ರಿಯಾಯಿತಿ. ಇವರ ಸಿಟ್ಟು ಇದ್ದದ್ದು ಇದರ ಮೇಲೆ. ಆದರೆ ಪಾಲಿಸಿ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದರೂ 50 ಅನ್ನುವ ಸಂಖ್ಯೆ ಎಲ್ಲೂ ಸಿಗಲಿಲ್ಲ. ಜಿಮ್ ಕೊಡುತ್ತಿದ್ದದ್ದು ವಿಮಾ ಕಂಪನಿ ಅಲ್ಲ, ಅದರ ಜೊತೆ ಒಪ್ಪಂದ ಮಾಡಿಕೊಂಡ ಇನ್ನೊಂದು ಸಂಸ್ಥೆ. ಆ ಒಪ್ಪಂದ ಮುಗಿದರೆ ರಿಯಾಯಿತಿಯೂ ಮುಗಿಯಿತು. ಏಜೆಂಟ್ ಬಾಯಲ್ಲಿ, ವಾಟ್ಸಾಪ್‌ನಲ್ಲಿ ಅದು ಹಕ್ಕಿನ ಹಾಗೆ ಬಂತು. ಕಾಗದದಲ್ಲಿ ಅದು ಹಕ್ಕಾಗಿರಲಿಲ್ಲ. ಇದನ್ನು ಹೇಳಿದಾಗ ಅಕ್ಕನ ಮುಖ ಸಣ್ಣದಾಯಿತು. ಆದರೂ ಹೇಳಬೇಕಿತ್ತು.

ಗ್ರಾಹಕರ ಮಾಹಿತಿ ಹಾಳೆ ಅಂತ ಒಂದಿರುತ್ತದೆ. 2024ರ ಜನವರಿ 1ರಿಂದ ಎಲ್ಲ ಆರೋಗ್ಯ ವಿಮಾ ಕಂಪನಿಗಳೂ ಅದನ್ನು ಹೊಸ ರೂಪದಲ್ಲಿ, ಸರಳವಾಗಿ ಕೊಡಬೇಕು. ಏನು ಸಿಗುತ್ತದೆ, ಏನು ಸಿಗುವುದಿಲ್ಲ, ಕಾಯುವ ಅವಧಿ (ಕೆಲವು ಕಾಯಿಲೆಗೆ ಕ್ಲೇಮ್ ಸಿಗುವ ಮೊದಲು ಕಳೆಯಬೇಕಾದ ಕಾಲ) ಎಷ್ಟು, ದೂರು ಎಲ್ಲಿ ಕೊಡಬೇಕು, ಇಷ್ಟೂ ಅದರಲ್ಲಿರುತ್ತದೆ. ಕೇಳಿದರೆ ಸ್ಥಳೀಯ ಭಾಷೆಯಲ್ಲೂ ಕೊಡಬೇಕು. ಇವರ 2024ರ ರಿನ್ಯೂವಲ್ ಜೊತೆ ಇಂಗ್ಲಿಷ್ ಹಾಳೆ ಬಂದಿತ್ತು, ಕವರಿನಿಂದ ಹೊರಗೇ ಬಂದಿರಲಿಲ್ಲ. ಇಂಥದ್ದಕ್ಕೆ ಜನರನ್ನು ಬೈಯುವುದು ಸರಿಯಲ್ಲ. ರಾಯಚೂರು ಜಿಲ್ಲೆಯಲ್ಲಿ ಮಾರುವ ಪಾಲಿಸಿಗೆ ಕೇಳದೆಯೇ ಕನ್ನಡ ಹಾಳೆ ಇಡಲು ಕಂಪನಿಗೆ ಏನು ಕಷ್ಟ?

ಜಿಮ್ ಮಾಲೀಕರ ಮಾತು

ರಿಜಿಸ್ಟರ್ ನಕಲು ಕೇಳಲು ಜಿಮ್‌ಗೆ ಹೋದೆವು. ಮಾಲೀಕರು ಚಿಕ್ಕಂದಿನಲ್ಲಿ ತಾಲೀಮಿನಲ್ಲಿ ಪಳಗಿದವರು, ಮಾತು ನೇರ. ಪಟ್ಟಿಯಿಂದ ತಾವೇ ಹೊರಬಂದದ್ದು ಅಂದರು. ಗ್ರಾಹಕರು ವರ್ಷದ ಹಣವನ್ನು ಆ್ಯಪ್‌ಗೆ ಕಟ್ಟುತ್ತಾರೆ. ಆದರೆ ಜಿಮ್‌ಗೆ ಆ ಹಣ ಒಟ್ಟಿಗೆ ಬರುವುದಿಲ್ಲ. ಗ್ರಾಹಕರು ಬಂದು ಹಾಜರಿ ಹಾಕಿದ ದಿನಕ್ಕೆ ಇಷ್ಟು ಅಂತ ಲೆಕ್ಕ ಹಾಕಿ, ತಿಂಗಳು ಕಳೆದ ಮೇಲೆ ಕಳಿಸುತ್ತಾರೆ. ಬರದ ದಿನದ ದುಡ್ಡು ನಡುವಿನ ಸಂಸ್ಥೆಯಲ್ಲೇ ಉಳಿಯುತ್ತದೆ.

"ಇವರಂಗ ದಿನಾ ಬರೋರು ಬಂದ್ರ ನನಗ ಖುಷಿ. ಆದ್ರ ಒಂದು ದಿನಕ್ಕ ಅವ್ರು ಕೊಡೋದು ಕರೆಂಟ್ ಬಿಲ್ಲಿಗೂ ಸಾಲಲ್ರಿ. ಅದೂ ಎರಡು ತಿಂಗಳಿಗೊಮ್ಮೆ ಬರ್ತದ" ಅಂದರು.

ಇಲ್ಲಿ ನನಗೆ ಇಡೀ ವ್ಯವಸ್ಥೆ ಅರ್ಥವಾಯಿತು. ದಿನಾ ಬರುವ ಗ್ರಾಹಕ ವಿಮಾ ಕಂಪನಿಗೆ ಬೇಕು. ಆದರೆ ಅದೇ ಗ್ರಾಹಕನಿಂದ ನಡುವಿನ ಸಂಸ್ಥೆಗೆ ಖರ್ಚು ಹೆಚ್ಚು. ದೊಡ್ಡ ಊರಿನಲ್ಲಿ ಸಾವಿರಾರು ಜನ ಸೇರಿ, ಅರ್ಧದಷ್ಟು ಜನ ನಡುವೆ ಬಿಟ್ಟುಬಿಟ್ಟರೆ ಲೆಕ್ಕ ಸರಿಹೋಗುತ್ತದೆ. ನಮ್ಮ ಕಡೆ ಸೇರುವವರೇ ಕೆಲವರು. ಸೇರಿದವರು ದುಡ್ಡು ಕೊಟ್ಟಿದ್ದೇವೆ ಅಂತ ತಪ್ಪದೆ ಹೋಗುತ್ತಾರೆ. ಹಾಗಾಗಿ ಪಟ್ಟಿ ಮೊದಲು ಖಾಲಿಯಾಗುವುದು ಸಣ್ಣ ಊರುಗಳಲ್ಲಿ. ಪ್ರೀಮಿಯಮ್ ಕಟ್ಟುವಾಗ ನಮಗೂ ಬೆಂಗಳೂರಿನವರಿಗೂ ಬ್ರೋಷರ್ ಒಂದೇ. ಸವಲತ್ತು ಮಾತ್ರ ಒಂದೇ ಅಲ್ಲ. ಇದು ಅನ್ಯಾಯ ಅಂತಲೇ ನಾನು ಹೇಳುತ್ತೇನೆ.

ಸೆಪ್ಟೆಂಬರ್ 22ರಿಂದ ಜಿಮ್ ಸೇವೆಯ ಜಿಎಸ್‌ಟಿ 18ರಿಂದ 5ಕ್ಕೆ ಇಳಿದಿದೆಯಲ್ಲ, ದರ ಇಳಿಸಬಹುದಲ್ಲ ಅಂತ ಕೇಳಿದೆ. ಅವರ ವಹಿವಾಟು ವರ್ಷಕ್ಕೆ 20 ಲಕ್ಷದ ಒಳಗೆ, ನೋಂದಣಿಯೇ ಇಲ್ಲ. ಹಾಕದ ತೆರಿಗೆಯನ್ನು ಇಳಿಸುವುದು ಎಲ್ಲಿಂದ? ಸಣ್ಣ ಜಿಮ್‌ಗಳಲ್ಲಿ ಬಹಳಷ್ಟು ಹೀಗೇ ಇವೆ. ಕೊನೆಗೆ ಅವರೇ ಒಂದು ದಾರಿ ಹೇಳಿದರು. ಇಬ್ಬರಿಗೂ ಸೇರಿ ವರ್ಷಕ್ಕೆ 16,000, ಮೂರು ತಿಂಗಳಿಗೊಮ್ಮೆ 4,000 ಕಟ್ಟಿದರೆ ಸಾಕು. ಒಟ್ಟಿಗೆ ಕೊಡಬೇಕಿಲ್ಲ. ಮೊದಲಿಗಿಂತ 6,000 ಹೆಚ್ಚು, ಆದರೆ ನಡುವೆ ಯಾರೂ ಇಲ್ಲ.

ಪಾಲಿಸಿ ಬಿಟ್ಟಿದ್ದರೆ

ನನಗೆ ನಿಜವಾದ ಭಯ ಇದ್ದದ್ದು ಇಲ್ಲಿ. ಇವರ ಪಾಲಿಸಿಯಲ್ಲಿ ಮೊದಲೇ ಇರುವ ಕಾಯಿಲೆಗೆ 36 ತಿಂಗಳ ಕಾಯುವ ಅವಧಿ ಇದೆ. ಶುಗರ್ ಇದೆ ಅಂತ ಗಂಡ ಅರ್ಜಿಯಲ್ಲೇ ಬರೆದಿದ್ದರು, ಅದಕ್ಕೆ ಅವರನ್ನು ಮೆಚ್ಚಬೇಕು. 2023ರ ನವೆಂಬರ್‌ನಿಂದ ಲೆಕ್ಕ ಹಾಕಿದರೆ 2025ರ ನವೆಂಬರ್‌ಗೆ 24 ತಿಂಗಳು. ಇನ್ನೊಂದು ವರ್ಷ ಕಳೆದರೆ ಶುಗರ್‌ಗೆ ಸಂಬಂಧಿಸಿದ ಆಸ್ಪತ್ರೆ ಖರ್ಚಿಗೂ ರಕ್ಷಣೆ ಸಿಗುತ್ತದೆ. ಇದನ್ನು ಬಿಟ್ಟು ಹೊಸ ಪಾಲಿಸಿ ಮಾಡಿಸಿದರೆ ಆ ಎರಡು ವರ್ಷ ಸುಮ್ನೆ ಹೋಗುತ್ತದೆ. ಮತ್ತೆ ಒಂದನೇ ತಿಂಗಳಿನಿಂದ ಎಣಿಕೆ. ಶುಗರ್ ಇರುವವರು ಕಾಲಿನ ಗಾಯಕ್ಕೋ ಕಿಡ್ನಿಗೋ ಒಮ್ಮೆ ಆಸ್ಪತ್ರೆ ಸೇರಿದರೆ ಎಷ್ಟು ಖರ್ಚು? ಅದರ ಮುಂದೆ ಜಿಮ್‌ನ 6,000 ಯಾವ ಲೆಕ್ಕ?

ಪೋರ್ಟ್ ಮಾಡಿದರೆ, ಅಂದರೆ ಇರುವ ಪಾಲಿಸಿಯನ್ನೇ ಬೇರೆ ಕಂಪನಿಗೆ ವರ್ಗಾಯಿಸಿಕೊಂಡರೆ, ಕಾದ ಅವಧಿ ಹೊಸ ಕಂಪನಿಗೂ ಜೊತೆಗೆ ಬರುತ್ತದೆ, ಹಳೆಯ ವಿಮಾ ಮೊತ್ತದ ಮಟ್ಟಿಗೆ. ಫೋನ್ ಮಾಡಿದವರು ಆ ಮಾತೇ ಎತ್ತಿರಲಿಲ್ಲ. ಅವರು ಹೇಳಿದ್ದು ಹೊಸ ಪಾಲಿಸಿ. ಪೋರ್ಟ್‌ಗೆ ರಿನ್ಯೂವಲ್‌ಗಿಂತ 45 ದಿನ ಮೊದಲೇ ಅರ್ಜಿ ಹಾಕಬೇಕು. ಇವರ ರಿನ್ಯೂವಲ್ ನವೆಂಬರ್ 18ಕ್ಕೆ. ಅಂದರೆ ಅಕ್ಟೋಬರ್ 4ರ ಒಳಗೆ ಆಗಬೇಕಿತ್ತು. ಇವರು ಬರುವ ಹೊತ್ತಿಗೆ ಆ ದಿನ ದಾಟಿತ್ತು. ತಡವಾದರೂ ಹೊಸ ಕಂಪನಿ ಒಪ್ಪಬಹುದು, ಆದರೆ ಒಪ್ಪಲೇಬೇಕು ಅಂತಿಲ್ಲ. ಶುಗರ್ ನೋಡಿ ಬೇಡ ಅನ್ನಲೂಬಹುದು. ಪಾಯಿಂಟ್ ಅಂತೂ ಹಳೆಯ ಕಂಪನಿಯದ್ದು, ಅದು ಜೊತೆಗೆ ಬರುವುದಿಲ್ಲ.

ಇನ್ನೊಂದು ವಿಷಯ ಅವರಿಗೆ ಸಮಾಧಾನ ಕೊಟ್ಟಿತು. ಅದೇ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಕುಟುಂಬದ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ. 2024ರಲ್ಲಿ ಇವರು 26,000 ಪ್ರೀಮಿಯಮ್‌ಗೆ 4,680 ತೆರಿಗೆ ಸೇರಿಸಿ 30,680 ಕಟ್ಟಿದ್ದರು. ಈ ಸಲ ಪ್ರೀಮಿಯಮ್ 28,500ಕ್ಕೆ ಏರಿತ್ತು, ತೆರಿಗೆ ಸೊನ್ನೆ. ಏರಿದ ಮೇಲೂ ಕೈಯಿಂದ ಹೋಗುವುದು 2,180 ಕಮ್ಮಿ.

ದೂರು

ಮೊದಲ ಪತ್ರ ಕಂಪನಿಯ ದೂರು ಅಧಿಕಾರಿಗೆ ಇಮೇಲ್‌ನಲ್ಲಿ ಹೋಯಿತು. ಸಿಟ್ಟಿನ ಮಾತು ಒಂದೂ ಹಾಕಲಿಲ್ಲ. ಜಿಮ್ ಹಣದ ರಸೀದಿ, ಬ್ರೋಷರ್, ರಿಜಿಸ್ಟರ್ ನಕಲು, ಸೆಪ್ಟೆಂಬರ್‌ನ ಇಮೇಲ್ ಜೊತೆಗಿಟ್ಟೆವು. ಕೇಳಿದ್ದು ನಾಲ್ಕೇ. 3,333 ರೂಪಾಯಿ ವಾಪಸ್, ಮೇ ಮತ್ತು ಜೂನ್ ತಿಂಗಳ ಪಾಯಿಂಟ್, ಜಿಮ್ ಪಟ್ಟಿಯಿಂದ ಹೋಗುವ ಮೊದಲೇ ಯಾಕೆ ತಿಳಿಸಲಿಲ್ಲ ಅನ್ನುವುದಕ್ಕೆ ಉತ್ತರ, ಮಾಹಿತಿ ಹಾಳೆಯ ಕನ್ನಡ ಪ್ರತಿ. ವಿಮಾ ಕಂಪನಿ ದೂರಿಗೆ 14 ದಿನದಲ್ಲಿ ಉತ್ತರ ಕೊಡಬೇಕು. ಕೊಡದಿದ್ದರೆ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್ ಇದೆ, 155255 ನಂಬರ್ ಇದೆ. ಒಂದು ತಿಂಗಳಾದರೂ ಉತ್ತರ ಬರದಿದ್ದರೆ, ಬಂದರೂ ಸರಿಯಾಗದಿದ್ದರೆ, ವಿಮೆಯ ದೂರುಗಳನ್ನು ಕೇಳಿ ತೀರ್ಮಾನ ಹೇಳುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಅಲ್ಲಿ ಫೀಸಿಲ್ಲ, ವಕೀಲರೂ ಬೇಕಿಲ್ಲ.

ಕಂಪನಿಯ ಉತ್ತರ ಸಮಯಕ್ಕೆ ಬಂತು. ಪಾಯಿಂಟ್ ಸೇರಿಸಿದರು. ಒಟ್ಟು 2,400 ರೂಪಾಯಿ ಬೆಲೆಯ ಪಾಯಿಂಟ್ ಆಯಿತು, ಅದನ್ನು ರಿನ್ಯೂವಲ್‌ನಲ್ಲೇ ಕಳೆದರು. ಕಟ್ಟಬೇಕಾದದ್ದು 26,100ಕ್ಕೆ ಇಳಿಯಿತು. ಜಿಮ್ ಹಣಕ್ಕೆ ಮಾತ್ರ "ಅದು ನಮ್ಮದಲ್ಲ, ಪಾಲುದಾರ ಸಂಸ್ಥೆಯದು" ಅಂತ ಕೈ ತೊಳೆದುಕೊಂಡರು. ಪಾಲುದಾರ ಸಂಸ್ಥೆ ಮೊದಲಿಗೆ ಹೈದರಾಬಾದ್ ತೋರಿಸಿತು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಅಕ್ಕನೇ ಫೋನ್ ಮಾಡಿ ದೂರು ಬರೆಸಿದರು. ಆ ದೂರಿನ ನಂಬರ್ ಹಾಕಿ ಮತ್ತೆ ಇಮೇಲ್ ಕಳಿಸಿದ ಮೇಲೆ 3,333 ರೂಪಾಯಿ ಖಾತೆಗೆ ಬಂತು. ಬರದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಲು ಅರ್ಜಿ ತಯಾರಿಟ್ಟಿದ್ದೆವು. 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲೂ ಶುಲ್ಕ ಇಲ್ಲ.

50 ಪರ್ಸೆಂಟ್ ವಿಷಯವನ್ನು ಒಂಬುಡ್ಸ್‌ಮನ್ ಹತ್ತಿರ ಒಯ್ಯೋಣವೇ ಅಂತ ಬಹಳ ಹೊತ್ತು ಮಾತಾಡಿದೆವು. ಒಯ್ಯಬಹುದಿತ್ತು ಅಂತ ನನಗೆ ಈಗಲೂ ಅನಿಸುತ್ತದೆ. ಬ್ರೋಷರ್‌ನಲ್ಲಿ ದೊಡ್ಡ ಅಕ್ಷರದಲ್ಲಿ ಹಾಕಿದ್ದನ್ನು ಸಣ್ಣ ಅಕ್ಷರದಲ್ಲಿ ಕಿತ್ತುಕೊಳ್ಳುವುದು ಸರಿಯೇ ಅನ್ನುವ ಪ್ರಶ್ನೆಗೆ ಯಾರಾದರೂ ಉತ್ತರ ಹೇಳಬೇಕು. ಆದರೆ ಮದುವೆ ಸೀಸನ್, ಹೊಲಿಗೆ ಕೆಲಸ ತಲೆ ಮೇಲಿತ್ತು. ಅಕ್ಕ ಸಾಕು ಅಂದರು. ಅದು ಅವರ ತೀರ್ಮಾನ.

ನವೆಂಬರ್‌ನಲ್ಲಿ ರಿನ್ಯೂವಲ್ ಆಯಿತು. ಇಬ್ಬರೂ ಅದೇ ಜಿಮ್‌ಗೆ ಹೋಗುತ್ತಾರೆ, ಆದರೆ ಆ ಹಾಜರಿಗೆ ಈಗ ಪಾಯಿಂಟ್ ಇಲ್ಲ. ಪಾಯಿಂಟ್ ಬೇಕಾದ ದಿನ ಗಂಡ ಬೆಳಿಗ್ಗೆ ಲಿಂಗಸೂಗೂರು ರಸ್ತೆಯಲ್ಲಿ ಕೃಷಿ ವಿಶ್ವವಿದ್ಯಾಲಯದ ಕಡೆ ನಡೆದು ಬರುತ್ತಾರೆ. ಚಳಿಗಾಲದಲ್ಲಿ ಇದು ನಡೆಯುತ್ತದೆ. ಮಾರ್ಚ್ ಬಂದ ಮೇಲೆ ನೋಡಬೇಕು. 2026ರ ಸೆಪ್ಟೆಂಬರ್ ಕೊನೆಗೆ ಬೇರೆ ಪಾಲಿಸಿಗಳನ್ನು ಹೋಲಿಸಿ, ಬೇಕಿದ್ದರೆ ಸಮಯಕ್ಕೆ ಪೋರ್ಟ್ ಅರ್ಜಿ ಹಾಕಲು ಕ್ಯಾಲೆಂಡರಿನಲ್ಲಿ ಗುರುತು ಮಾಡಿಸಿದ್ದೇನೆ. ಆಗ ಹೋಲಿಸುವಾಗ ಜಿಮ್ ರಿಯಾಯಿತಿಗೆ ಸೊನ್ನೆ ಬೆಲೆ ಹಾಕಿ, ಆಸ್ಪತ್ರೆಗಳ ಪಟ್ಟಿ, ರೂಮ್ ಬಾಡಿಗೆಯ ಮಿತಿ, ಶುಗರ್ ನಿಯಮ ಇಷ್ಟನ್ನೇ ನೋಡುವುದು ಅಂತ ಮಾತಾಗಿದೆ. ಕನ್ನಡದ ಮಾಹಿತಿ ಹಾಳೆ ಇನ್ನೂ ಬಂದಿಲ್ಲ. ಅದಕ್ಕೆ ಮತ್ತೊಂದು ಪತ್ರ ಹಾಕಿದ್ದೇವೆ.